ಕೊಡಗಿನ ಲೈನ್ ಮನೆಗಳು ಮತ್ತು ಸಾರ್ವತ್ರಿಕ ಮೂಲ ಆದಾಯ

ಸಾರ್ವತ್ರಿಕ ಮೂಲ ಆದಾಯವೆಂದರೆ ಒಂದು ನಾಡಿನಲ್ಲಿ ವಾಸವಿರುವ ಪ್ರತಿಯೊಬ್ಬರಿಗೂ ಸರ್ಕಾರ ಗೊತ್ತಾದ ಅವಧಿಗೊಮ್ಮೆ ಕೊಡುವ ನಗದು. ಪಡೆಯುವವರು ಬಡವರೋ ಬಲ್ಲಿದರೋ ಎಂದು ನೋಡುವುದಿಲ್ಲ. ಇಂಥದಕ್ಕೇ ಖರ್ಚು ಮಾಡಬೇಕೆಂಬ ಷರತ್ತೂ ಇಲ್ಲ. ಕೆಲಸ ಸಿಕ್ಕಿತೆಂದು ಹಣ ನಿಲ್ಲುವುದಿಲ್ಲ, ಕೆಲಸ ಬಿಟ್ಟರೆಂದು ಹೆಚ್ಚುವುದೂ ಇಲ್ಲ. ಅದು ಸಲ್ಲುವುದು ಕುಟುಂಬಕ್ಕಲ್ಲ, ವ್ಯಕ್ತಿಗೆ. ಈ ಲಕ್ಷಣಗಳಲ್ಲಿ ಒಂದನ್ನು ಬಿಟ್ಟರೂ ಉಳಿಯುವುದು ಪಿಂಚಣಿ, ಸಹಾಯಧನ ಅಥವಾ ನಿರುದ್ಯೋಗ ಭತ್ಯೆ. ಲೋಕದಲ್ಲಿ ಇಂದು ನಡೆಯುತ್ತಿರುವ ಯೋಜನೆಗಳಲ್ಲಿ ಎಲ್ಲ ಲಕ್ಷಣಗಳೂ ಕೂಡಿರುವುದು ವಿರಳ.

ವಿಚಾರ ಹಳೆಯದು. 1797ರಲ್ಲಿ ಥಾಮಸ್ ಪೇನ್ ಪ್ರಕಟಿಸಿದ ಒಂದು ಕಿರುಹೊತ್ತಗೆಯ ವಾದ ಇಂದಿಗೂ ಈ ಚರ್ಚೆಯ ಬುನಾದಿ. ಭೂಮಿ ಮೂಲದಲ್ಲಿ ಎಲ್ಲರದು. ಅದನ್ನು ಹಸನು ಮಾಡಿದವರಿಗೆ ಹಸನಿನ ಬೆಲೆ ಸೇರಬೇಕು, ಆದರೆ ನೆಲದ ಬೆಲೆಯಲ್ಲಿ ನೆಲ ಕಳೆದುಕೊಂಡವರ ಪಾಲೂ ಇದೆ, ಅದನ್ನು ಅವರಿಗೆ ಹಣವಾಗಿ ಸಲ್ಲಿಸಬೇಕು ಎಂಬುದು ಅವನ ಮಾತಿನ ತಿರುಳು. ಪೇನ್‌ನ ದೃಷ್ಟಿಯಲ್ಲಿ ಇದು ದಾನವಲ್ಲ, ಬಾಡಿಗೆ. ಅಮೆರಿಕದ ಅಲಾಸ್ಕ ರಾಜ್ಯ ಇದೇ ತರ್ಕವನ್ನು ತೈಲಕ್ಕೆ ಅನ್ವಯಿಸಿತು. ನೆಲದಡಿಯ ತೈಲದಿಂದ ಬಂದ ವರಮಾನದ ಒಂದು ಪಾಲನ್ನು 1976ರಲ್ಲಿ ನಿಧಿಯಾಗಿಸಿ, 1982ರಿಂದ ಪ್ರತಿವರ್ಷ ಅಲ್ಲಿನ ನಿವಾಸಿಗಳೆಲ್ಲರಿಗೂ, ಕೂಸುಗಳೂ ಸೇರಿ, ಲಾಭಾಂಶ ಹಂಚುತ್ತಿದೆ. ಸ್ವಿಟ್ಜರ್ಲೆಂಡಿನ ಮತದಾರರು 2016ರ ಜನಮತಗಣನೆಯಲ್ಲಿ ಮೂಲ ಆದಾಯವನ್ನು ಭಾರೀ ಅಂತರದಿಂದ ತಳ್ಳಿಹಾಕಿದರು. ಫಿನ್ಲೆಂಡ್ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊ ಕೊಟ್ಟು ನೋಡಿತು. ಅವರು ಕೆಲಸ ಹುಡುಕುವುದನ್ನು ಬಿಡಲಿಲ್ಲ, ಮನಸ್ಸಿನ ನೆಮ್ಮದಿ ಹೆಚ್ಚಿತು ಎಂಬುದು ಫಲಿತಾಂಶ.

ಭಾರತದ ಮಟ್ಟಿಗೆ ಹೆಚ್ಚು ತೂಕದ ಸಾಕ್ಷ್ಯ ಮಧ್ಯಪ್ರದೇಶದ್ದು. ಸ್ವ ಉದ್ಯೋಗಿ ಮಹಿಳೆಯರ ಸಂಘಟನೆಯಾದ ‘ಸೇವಾ’ 2011ರಲ್ಲಿ ಯುನಿಸೆಫ್ ನೆರವಿನೊಂದಿಗೆ ಇಂದೋರ್ ಸುತ್ತಿನ ಎಂಟು ಹಳ್ಳಿಗಳಲ್ಲಿ ಎಲ್ಲರಿಗೂ ಹಣ ಕೊಟ್ಟಿತು. ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳ ಪಾಲಿನದು ತಾಯಿಯ ಕೈಗೆ 100. ವರ್ಷದ ಬಳಿಕ ಇದು 300 ಮತ್ತು 150 ಆಯಿತು. ಒಂದು ಆದಿವಾಸಿ ಗ್ರಾಮವನ್ನೂ ಸೇರಿಸಿಕೊಂಡು ಸುಮಾರು 6,000 ಜನ ಒಂದರಿಂದ ಒಂದೂವರೆ ವರ್ಷದಷ್ಟು ಕಾಲ ಇದನ್ನು ಪಡೆದರು. ಹಣ ಸಿಗದ ಅಂಥವೇ ಹಳ್ಳಿಗಳೊಂದಿಗೆ ಹೋಲಿಸಿ ನೋಡಿದಾಗ ಮಕ್ಕಳ ತೂಕ ಸುಧಾರಿಸಿತ್ತು, ಶಾಲೆಯ ಹಾಜರಿ ಏರಿತ್ತು. ಕೂಲಿ ಬಿಟ್ಟು ಸ್ವಂತ ತುಂಡುಭೂಮಿಯಲ್ಲಿ ದುಡಿಯುವವರು ಹೆಚ್ಚಿದ್ದರು. ಆದಿವಾಸಿ ಗ್ರಾಮದಲ್ಲಿ ಸಾಲಕ್ಕೆ ಪ್ರತಿಯಾಗಿ ದುಡಿಯುವ ಜೀತದ ಬಿಗಿ ಸಡಿಲಗೊಂಡಿತ್ತು ಎಂಬುದು ಹೆಚ್ಚು ಚರ್ಚೆಯಾಗದ, ಆದರೆ ಕೊಡಗಿಗೆ ಹೆಚ್ಚು ಸಂಬಂಧಪಟ್ಟ ಫಲ. ಕೈಗೆ ಬಂದ ಮೊತ್ತ ಚಿಕ್ಕದು. ಆದರೆ ಕಷ್ಟಕ್ಕೆ ಸಾಹುಕಾರರ ಬಾಗಿಲಿಗೆ ಹೋಗುವುದು ತಪ್ಪಿದರೆ ಚಿಕ್ಕ ಮೊತ್ತವೂ ತನ್ನ ಗಾತ್ರಕ್ಕೆ ಮೀರಿ ಕೆಲಸ ಮಾಡುತ್ತದೆ.

ಕೇಂದ್ರ ಸರ್ಕಾರದ 2016–17ರ ಆರ್ಥಿಕ ಸಮೀಕ್ಷೆ ಈ ವಿಚಾರಕ್ಕೆ ಒಂದು ಇಡೀ ಅಧ್ಯಾಯ ಮೀಸಲಿಟ್ಟಿತು. ಆಗ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ ಸುಬ್ರಮಣಿಯನ್ ತಂಡದ ಲೆಕ್ಕ ಹೀಗಿತ್ತು: ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿ, ಜನಸಂಖ್ಯೆಯ ಶೇ 75ರಷ್ಟು ಮಂದಿಗೆ, ಖರ್ಚು ದೇಶದ ಒಟ್ಟು ಉತ್ಪನ್ನದ ಶೇ 4.9. ಪ್ರಸ್ತಾವ ಅಲ್ಲಿಗೇ ನಿಂತಿತು. ನಂತರ ಬಂದದ್ದೆಲ್ಲ ತುಂಡು ತುಂಡು. ತೆಲಂಗಾಣದ ರೈತಬಂಧು ಮತ್ತು ಕೇಂದ್ರದ ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ್ ಎರಡೂ ನೆಲದ ದಾಖಲೆ ಇದ್ದವರ ಖಾತೆಗೆ ಸಲ್ಲುವಂತೆ ರೂಪುಗೊಂಡವು. ನೆಲವಿಲ್ಲದವರ ಪಾಲನ್ನು ಕೇಳಿದ ಪೇನ್‌ನ ವಾದವನ್ನು ತಿರುಗಿಸಿ ನಿಲ್ಲಿಸಿದಂತೆ ಇದೆ ಇದು.

ಕರ್ನಾಟಕದಲ್ಲಿ ಮೂಲ ಆದಾಯಕ್ಕೆ ಅತಿ ಹತ್ತಿರ ಬಂದಿರುವುದು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆ ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ದಾಖಲಾದ ಮಹಿಳೆಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಬಗೆಯ ಚೀಟಿಗೆ ಅನ್ವಯ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಮನೆಗಳು ಮಾತ್ರ ಹೊರಗೆ. ಫಲಾನುಭವಿಗಳು ಸುಮಾರು 1.2 ಕೋಟಿ, 2025–26ರ ಬಜೆಟ್ಟಿನಲ್ಲಿ ಇದಕ್ಕೆ ಇಟ್ಟ ಹಣ 28,608 ಕೋಟಿ ರೂಪಾಯಿ. ಖರ್ಚಿನ ಲೆಕ್ಕ ಕೇಳದ, ವಯಸ್ಸಿನ ಮಿತಿಯಿಲ್ಲದ, ಬಡತನದ ರೇಖೆ ಎಳೆಯದ ಯೋಜನೆ ಇಷ್ಟು ದೊಡ್ಡ ಪ್ರಮಾಣದಲ್ಲಿ ರಾಜ್ಯದಲ್ಲಿ ಹಿಂದೆ ಇರಲಿಲ್ಲ. ಆದರೂ ಇದು ಮೂಲ ಆದಾಯವಲ್ಲ. ಎಣಿಕೆಯ ಘಟಕ ಇಲ್ಲಿ ಚೀಟಿ, ಮನುಷ್ಯರಲ್ಲ. ಅತ್ತೆಗೋ ಸೊಸೆಗೋ ಎಂಬ ಪ್ರಶ್ನೆ ಯೋಜನೆ ಶುರುವಾಗುವ ಮೊದಲೇ ವಿಧಾನಸೌಧದ ಮೆಟ್ಟಿಲೇರಿದ್ದು ಈ ಕಾರಣಕ್ಕೆ. ನಾಲ್ವರ ಮನೆಗೆ ವರ್ಷಕ್ಕೆ 24,000 ಎಂದರೆ ತಲೆಗೆ 6,000. ಬೆಲೆಯೇರಿಕೆ ಕಳೆಯದೆಯೂ ಆರ್ಥಿಕ ಸಮೀಕ್ಷೆಯ ಮೊತ್ತಕ್ಕಿಂತ ಕಡಿಮೆ. ಕಂತುಗಳು ತಿಂಗಳುಗಟ್ಟಲೆ ತಡವಾದದ್ದೂ ಉಂಟು. ಗೊತ್ತಾದ ದಿನಕ್ಕೆ ಬರುತ್ತದೆಂಬ ನಂಬಿಕೆಯೇ ಮೂಲ ಆದಾಯದ ಅರ್ಧ ಬಲ. ತಡವಾಗಿ ಒಟ್ಟಿಗೆ ಬಂದ ಮೂರು ಕಂತು, ಮೂರು ತಿಂಗಳಲ್ಲಿ ಬಂದ ಮೂರು ಕಂತಿಗೆ ಸಮವಲ್ಲ.

ಇನ್ನು ಕೊಡಗು. ಭಾರತದ ಕಾಫಿಯ ಮೂರನೇ ಒಂದು ಭಾಗದಷ್ಟನ್ನು ಬೆಳೆಯುವ, ಮಾನವ ಅಭಿವೃದ್ಧಿಯ ಪಟ್ಟಿಗಳಲ್ಲಿ ಮೇಲ್ಸಾಲಿನಲ್ಲಿ ಕಾಣುವ ಜಿಲ್ಲೆ ಇದು. ಹೊರಗಿನವರ ಕಣ್ಣಿಗೆ ಬಡತನ ಬೀಳುವುದಿಲ್ಲ, ಏಕೆಂದರೆ ಅದು ರಸ್ತೆ ಬದಿಯಲ್ಲಿಲ್ಲ. ತೋಟದ ಒಳಗೆ, ಕಾಫಿ ಗಿಡಗಳ ನಡುವೆ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿದೆ, ಕಾಡಂಚಿನ ಆದಿವಾಸಿ ಹಾಡಿಗಳಲ್ಲಿದೆ, ಪೈಸಾರಿ ಎಂಬ ಸರ್ಕಾರಿ ಜಾಗದ ಜೋಪಡಿಗಳಲ್ಲಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ಅದರಲ್ಲಿ ಶೇ 10ಕ್ಕೂ ಸ್ವಲ್ಪ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಎರವರು, ಜೇನುಕುರುಬರು, ಬೆಟ್ಟಕುರುಬರು ಇವರಲ್ಲಿ ಮುಖ್ಯರು. ಎರವರು ತಲೆಮಾರುಗಳಿಂದ ಗದ್ದೆ ಮತ್ತು ತೋಟದ ಆಳುಗಳಾಗಿ, ಬಹುಕಾಲ ಜೀತದಾಳುಗಳಾಗಿ ದುಡಿದವರು. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಸಂಬಂಧದ ಹೆಸರನ್ನು ಬದಲಿಸಿತು. ಮುಂಗಡದ ಪದ್ಧತಿ ಉಳಿಯಿತು.

ತೋಟದ ಕೂಲಿಯ ಬಡತನಕ್ಕೆ ಒಂದು ಕಾಲಮಾನವಿದೆ. ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರ್, ಡಿಸೆಂಬರಿಗೆ; ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ; ಜೊತೆಗೇ ಕರಿಮೆಣಸು. ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ ಸಿಗುವುದರಿಂದ ಚುರುಕು ಕೈಯವರಿಗೆ ದಿನಗೂಲಿಗಿಂತ ಹೆಚ್ಚು ಬೀಳುತ್ತದೆ. ಅಸ್ಸಾಂ, ಬಂಗಾಳ, ಜಾರ್ಖಂಡಿನಿಂದ ಬರುವವರೂ ಈ ತಿಂಗಳುಗಳಲ್ಲೇ ಹೆಚ್ಚು. ಆ ಮೇಲೆ ಕಪಾತು, ಗೊಬ್ಬರ, ಮರಗಸಿ ಎಂದು ಕೆಲಸ ನಡೆದು, ಜೂನ್ ಮಳೆ ಹಿಡಿದರೆ ಇಳಿಯುತ್ತದೆ. ಮಳೆಗಾಲದ ನಡುವಿನ ಕಕ್ಕಡ ತಿಂಗಳಲ್ಲಿ ವಾರಕ್ಕೆ ಎರಡು ಮೂರು ದಿನ ಕೆಲಸವಾದರೆ ಹೆಚ್ಚು. ಬಟವಾಡೆ ತೆಳ್ಳಗಾಗುವ ಈ ವಾರಗಳಲ್ಲೇ ಜ್ವರ, ಶಾಲೆಯ ಪುಸ್ತಕ, ಸೋರುವ ಮಾಡು ಎಲ್ಲವೂ ಒಟ್ಟಿಗೆ ಬರುತ್ತವೆ. ತೋಟದ ಮಾಲೀಕರಿಂದಲೋ ಮೇಸ್ತ್ರಿಯಿಂದಲೋ ಪಡೆದ ಮುಂಗಡವನ್ನು ಮುಂದಿನ ಕೊಯ್ಲಿನಲ್ಲಿ ತೀರಿಸಬೇಕು. ಹಾಗಾಗಿ ಕೊಯ್ಲಿನ ಒಳ್ಳೆ ಕೂಲಿಗೆ ಬೇರೆ ತೋಟ ಹುಡುಕಿ ಹೋಗುವ ಸ್ವಾತಂತ್ರ್ಯ ಮಳೆಗಾಲದಲ್ಲೇ ಒತ್ತೆ ಬಿದ್ದಿರುತ್ತದೆ. ವಾಸದ ಮನೆಯೂ ತೋಟದ್ದೇ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ವಸತಿ, ವೈದ್ಯಕೀಯ ಸೌಲಭ್ಯವನ್ನು ಕಡ್ಡಾಯ ಮಾಡಿದ್ದು ಐದು ಹೆಕ್ಟೇರ್ ಮತ್ತು 15 ಕಾರ್ಮಿಕರ ಮಿತಿ ಮುಟ್ಟಿದ ತೋಟಗಳಿಗೆ. ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರಾಗಿರುವುದರಿಂದ ಆ ಕಾಯ್ದೆಯ ನೆರಳು ಎಲ್ಲ ಲೈನ್ ಮನೆಗಳ ಮೇಲೂ ಬೀಳಲಿಲ್ಲ.

ಇಂಥ ಕಡೆ ತಿಂಗಳಿಗೆ 2,000 ರೂಪಾಯಿ ಸಣ್ಣ ಮಾತಲ್ಲ. ಅದು ಮಳೆಗಾಲದ ಮುಂಗಡದ ದೊಡ್ಡ ಪಾಲನ್ನು ಅನಗತ್ಯ ಮಾಡಬಲ್ಲ ಮೊತ್ತ. ತೊಡಕಿರುವುದು ಅದು ತಲುಪುವ ದಾರಿಯಲ್ಲಿ. ಪಡಿತರ ಚೀಟಿಗೆ ವಿಳಾಸ ಬೇಕು. ಲೈನ್ ಮನೆಯ ವಿಳಾಸವೆಂದರೆ ತೋಟದ ವಿಳಾಸ. ದೃಢೀಕರಣ ಕೊಟ್ಟರೆ ನಾಳೆ ಮನೆಯ ಮೇಲೆ ಹಕ್ಕು ಕೇಳಿಯಾರು ಎಂಬ ಅಂಜಿಕೆ ಕೆಲವು ಮಾಲೀಕರಿಗೆ. ತೋಟದಿಂದ ತೋಟಕ್ಕೆ ಹೋಗುವ ಕುಟುಂಬದ ಚೀಟಿ ಹಳೆಯ ಊರಿನಲ್ಲೇ ಇರುತ್ತದೆ. ಮದುವೆಯಾಗಿ ಬೇರೆ ಒಲೆ ಹೂಡಿದ ಮಗನ ಹೆಂಡತಿಯ ಹೆಸರು ಅತ್ತೆಯ ಚೀಟಿಯಲ್ಲೇ ಇರುತ್ತದೆ, ಇಲ್ಲವೇ ಎಲ್ಲಿಯೂ ಇರುವುದಿಲ್ಲ. ಹೊಸ ಚೀಟಿಗಳ ವಿತರಣೆ ದೀರ್ಘಕಾಲ ನಿಂತಿದ್ದುದು ಇಂಥವರನ್ನು ಹೊರಗೇ ನಿಲ್ಲಿಸಿತು. ಚೀಟಿ ಸಿಕ್ಕ ಮೇಲೆ ಆಧಾರ್ ಜೋಡಣೆ, ಇ–ಕೆವೈಸಿ, ಬ್ಯಾಂಕ್ ಖಾತೆಯ ಮ್ಯಾಪಿಂಗ್. ವರ್ಷಗಟ್ಟಲೆ ಕತ್ತಿ ಹಿಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಮಳೆಗೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಒಂದು ತಿದ್ದುಪಡಿಗೆ ತಾಲ್ಲೂಕು ಕೇಂದ್ರಕ್ಕೆ ಹೋದರೆ ಒಂದು ದಿನದ ಕೂಲಿ ಕೈತಪ್ಪುತ್ತದೆ. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯೂ ಬಸ್ಸೇ ಬಾರದ ತೋಟದ ದಾರಿಯಲ್ಲಿ ನೆರವಾಗದು.

ಕಾಗದಪತ್ರಗಳ ಇದೇ ಜರಡಿ ಇನ್ನೊಂದು ತುದಿಯಲ್ಲಿ ತೀರಾ ಸಡಿಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕಾಫಿಯನ್ನು ಬೆಳೆದವರೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ 25ರಷ್ಟು, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟು ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಒಣಗಿಸಿದ ಚೆರಿಯನ್ನೋ ಪಾರ್ಚ್‌ಮೆಂಟನ್ನೋ ವ್ಯಾಪಾರಿಗೆ ಕೊಟ್ಟುಬಿಟ್ಟರೆ ಅದೂ ಇಲ್ಲ. ಹೀಗಾಗಿ ಬೇರೆ ವರಮಾನವಿಲ್ಲದ ಒಂದು ಅನುಕೂಲಸ್ಥ ತೋಟದ ಮನೆ, ತೆರಿಗೆ ಕಟ್ಟದ ಎಪಿಎಲ್ ಚೀಟಿಯ ಮನೆಯಾಗಿ, ನಿಯಮದ ಪ್ರಕಾರವೇ ಗೃಹಲಕ್ಷ್ಮಿಗೆ ಅರ್ಹ. ಅದೇ ತೋಟದ ಲೈನಿನಲ್ಲಿರುವ, ಚೀಟಿಯಿಲ್ಲದ ಎರವ ಹೆಂಗಸು ಅನರ್ಹ. ಇದರಲ್ಲಿ ಯಾರ ಮೋಸವೂ ಇಲ್ಲ. ಬಡವರನ್ನು ಆರಿಸಲು ಹಾಕಿದ ಯಾವುದೇ ಷರತ್ತು ಕಾಗದ ಇದ್ದವರನ್ನೇ ಆರಿಸುತ್ತದೆ. ಸಾರ್ವತ್ರಿಕತೆಯ ಪರವಾಗಿ ಇರುವ ಅತ್ಯಂತ ಗಟ್ಟಿ ವಾದ ಇದು. ಉಳ್ಳವರಿಗೂ ಯಾಕೆ ಕೊಡಬೇಕು ಎಂಬ ಸಾಮಾನ್ಯ ಆಕ್ಷೇಪ ಕೊಡಗಿನಲ್ಲಿ ತಲೆಕೆಳಗಾಗುತ್ತದೆ. ಉಳ್ಳವರಿಗೆ ಈಗಲೂ ಸಿಗುತ್ತಿದೆ, ಇಲ್ಲದವರಿಗೆ ಸಿಗಬೇಕಾದರೆ ಎಲ್ಲರಿಗೂ ಕೊಡುವುದೇ ಹತ್ತಿರದ ದಾರಿ. ಉಳ್ಳವರಿಂದ ಅದನ್ನು ಹಿಂದಕ್ಕೆ ಪಡೆಯಲು ತೆರಿಗೆಯಿದೆ.

ವಲಸೆ ಕಾರ್ಮಿಕರ ಪ್ರಶ್ನೆಗೆ ಇಷ್ಟು ಸುಲಭದ ಉತ್ತರವಿಲ್ಲ. ವರ್ಷದಲ್ಲಿ ಆರು ತಿಂಗಳು ಕೊಡಗಿನ ಕಾಫಿ ಕೊಯ್ಯುವ ಅಸ್ಸಾಮಿನ ಕುಟುಂಬ ಯಾವ ರಾಜ್ಯದ ನಿವಾಸಿ? ರಾಜ್ಯ ಸರ್ಕಾರ ನಡೆಸುವ ಯಾವ ಮೂಲ ಆದಾಯವೂ ಅವರನ್ನು ಬಿಟ್ಟೇ ಲೆಕ್ಕ ಹಾಕುತ್ತದೆ. ಅವರನ್ನೂ ಒಳಗೊಳ್ಳಬಲ್ಲದ್ದು ಕೇಂದ್ರದ ಯೋಜನೆ ಮಾತ್ರ.

ನಗದೋ ಅಕ್ಕಿಯೋ ಎಂಬ ಹಳೆಯ ವಾದಕ್ಕೆ ಕರ್ನಾಟಕ ತಾನೇ ಅರಿಯದೆ ಒಂದು ಪ್ರಯೋಗ ನಡೆಸಿತು. 2023ರಲ್ಲಿ ಉಚಿತ ಅಕ್ಕಿಯ ಯೋಜನೆಯಾದ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಕೇಂದ್ರದ ದಾಸ್ತಾನು ಸಿಗದಿದ್ದಾಗ, ಆ ಜುಲೈಯಿಂದ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಗೆ ಮರಳಿತು. ಗಮನಿಸಬೇಕಾದದ್ದು, ಈ ನಗದು ತಲೆ ಲೆಕ್ಕದ್ದು. ಐವರ ಮನೆಗೆ 850 ರೂಪಾಯಿ. ಎಣಿಕೆಯ ವಿಷಯದಲ್ಲಿ ಅದು ಗೃಹಲಕ್ಷ್ಮಿಗಿಂತ ಮೂಲ ಆದಾಯಕ್ಕೆ ಹತ್ತಿರವಾಗಿತ್ತು. ಆದರೆ 34 ರೂಪಾಯಿಗೆ ಅಂಗಡಿಯಲ್ಲಿ ಉಣ್ಣುವ ಅಕ್ಕಿ ಸಿಗುವುದು ಕಷ್ಟ. ಬೆಲೆ ಏರಿದರೆ ಅಕ್ಕಿಯ ತೂಕ ಕಡಿಮೆಯಾಗದು, ಹಣದ ತೂಕ ಕಡಿಮೆಯಾಗುತ್ತದೆ. ಪೇಟೆಯಿಂದ ದೂರದ ಹಾಡಿಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು, ಏಕೆಂದರೆ ಅಕ್ಕಿಯ ಬೆಲೆಗೆ ಜೀಪಿನ ಬಾಡಿಗೆಯೂ ಸೇರುತ್ತದೆ. ಜೇನುಕುರುಬ, ಎರವ, ಸೋಲಿಗ, ಕೊರಗ ಮೊದಲಾದ ಸಮುದಾಯಗಳಿಗೆ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಮಳೆಗಾಲಕ್ಕೆಂದು ಆರಂಭಿಸಿದ ಪೌಷ್ಟಿಕ ಆಹಾರದ ಕಿಟ್ ಈ ಕಾರಣದಿಂದಲೇ ಬೆಲೆಯುಳ್ಳದ್ದು. ಬೇಳೆ, ಎಣ್ಣೆ, ಬೆಲ್ಲ, ಮೊಟ್ಟೆ ಹಾಡಿಯ ಬಾಗಿಲಿಗೇ ಬರುತ್ತವೆ. ಮೂಲ ಆದಾಯ ಬಂದರೆ ಇಂಥವನ್ನೆಲ್ಲ ಕಿತ್ತುಹಾಕಿ ಹಣವನ್ನು ಅತ್ತ ತಿರುಗಿಸಬಹುದೆಂದು ವಾದಿಸುವ ಅರ್ಥಶಾಸ್ತ್ರಜ್ಞರಿದ್ದಾರೆ. ಕೊಡಗಿನ ಹಾಡಿಗಳ ಮಟ್ಟಿಗೆ ಆ ವಾದ ಅಪಾಯಕಾರಿ.

ಇನ್ನು ಆಲಸ್ಯದ ಆಕ್ಷೇಪ. 2013ರಲ್ಲಿ ಅನ್ನಭಾಗ್ಯ ಬಂದಾಗಲೂ ಜನ ಸೋಮಾರಿಗಳಾಗುತ್ತಾರೆಂಬ ಮಾತು ಕೇಳಿತ್ತು. ಸಾಹಿತಿಗಳೂ ಆ ವಾಗ್ವಾದಕ್ಕೆ ಇಳಿದಿದ್ದರು. ಕೊಡಗಿನ ತೋಟಗಾರರಲ್ಲಿ ಇದು ಆಳಿನ ಅಭಾವದ ದೂರಾಗಿ ಕೇಳಿಸುತ್ತದೆ. ಅಭಾವ ನಿಜ. ಆದರೆ ಅದು ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳಿಗಿಂತ ಹಳೆಯದು. ಈಶಾನ್ಯದಿಂದ ಕಾರ್ಮಿಕರು ಬರತೊಡಗಿದ್ದು ಗೃಹಲಕ್ಷ್ಮಿಗೆ ಎಷ್ಟೋ ಮೊದಲು. ಗೃಹಲಕ್ಷ್ಮಿಯ ಲೆಕ್ಕದಲ್ಲಿ ತಲೆಗೆ ತಿಂಗಳಿಗೆ 500 ರೂಪಾಯಿ ಸಿಕ್ಕಿತೆಂದು ಕೆಲಸ ಬಿಡುವ ಕುಟುಂಬವಿರಲಾರದು. ಬದಲಾಗಬಹುದಾದದ್ದು ಕೆಲಸದ ಆಯ್ಕೆ: ಮುಂಗಡದ ಹಂಗಿಲ್ಲದವರು ಹೆಚ್ಚು ಕೂಲಿ ಕೊಡುವ ಕಡೆ ಹೋಗುತ್ತಾರೆ. ಕಾಫಿ ಬೆಲೆ ಈಚಿನ ವರ್ಷಗಳಲ್ಲಿ ದಾಖಲೆ ಮುಟ್ಟಿದಾಗ ಬೆಳೆಗಾರರು ಹೆಚ್ಚು ಬೆಲೆ ಕೊಟ್ಟ ವ್ಯಾಪಾರಿಗೇ ಮಾರಿದರು, ಅದನ್ನು ಯಾರೂ ಆಲಸ್ಯ ಎನ್ನಲಿಲ್ಲ. ಕುಡಿತದ ಆತಂಕ ಮಾತ್ರ ಹಗುರವಾಗಿ ತಳ್ಳಿಹಾಕುವಂಥದ್ದಲ್ಲ; ಹಾಡಿಗಳನ್ನು ಅದು ನಿಜವಾಗಿ ತಿಂದಿದೆ. ಹಲವು ದೇಶಗಳ ನಗದು ಯೋಜನೆಗಳ ಅಧ್ಯಯನಗಳನ್ನು ವಿಶ್ವ ಬ್ಯಾಂಕಿನ ಸಂಶೋಧಕರು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನಗದು ಬಂದದ್ದರಿಂದ ಹೆಂಡ ತಂಬಾಕಿನ ಖರ್ಚು ಹೆಚ್ಚಿದ್ದು ಕಾಣಲಿಲ್ಲ. ಗೃಹಲಕ್ಷ್ಮಿಯ ಹಣ ಹೆಣ್ಣಿನ ಖಾತೆಗೆ ಬೀಳುವುದು ಒಂದು ಕಾವಲು. ವ್ಯಕ್ತಿ ಲೆಕ್ಕದ ಮೂಲ ಆದಾಯದಲ್ಲಿ ಗಂಡಿನ ಪಾಲು ಗಂಡಿಗೇ ಹೋಗುತ್ತದಾದರೂ, ಮಧ್ಯಪ್ರದೇಶದಂತೆ ಮಕ್ಕಳ ಪಾಲನ್ನು ತಾಯಿಗೆ ಕೊಟ್ಟರೆ ಆ ಕಾವಲು ಪೂರ್ತಿ ತಪ್ಪುವುದಿಲ್ಲ.

ಹಣದ ಲೆಕ್ಕ ನೋಡಬೇಕು. ತಲೆಗೆ ತಿಂಗಳಿಗೆ 1,000 ರೂಪಾಯಿಯಂತೆ 2011ರ ಜನಸಂಖ್ಯೆಗೆ ಕೊಟ್ಟರೆ ಕೊಡಗಿಗೆ ವರ್ಷಕ್ಕೆ ಸುಮಾರು 665 ಕೋಟಿ ರೂಪಾಯಿ ಬೇಕು. ರಾಜ್ಯದ ಜನಸಂಖ್ಯೆಯನ್ನು ಹೆಚ್ಚುಕಡಿಮೆ 7 ಕೋಟಿ ಎಂದು ಹಿಡಿದರೆ 84,000 ಕೋಟಿ. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ. ಅಂದರೆ ಐದನೇ ಒಂದು ಭಾಗ. ಗೃಹಲಕ್ಷ್ಮಿ, ಶಕ್ತಿ, ಅನ್ನಭಾಗ್ಯವೂ ಸೇರಿ ರಾಜ್ಯದ ಐದೂ ಗ್ಯಾರಂಟಿ ಯೋಜನೆಗಳಿಗೆ ಆ ವರ್ಷ ಇಟ್ಟಿದ್ದು ಸುಮಾರು 51,000 ಕೋಟಿ. ಈಗಿನ ವರಮಾನದಲ್ಲಿ ರಾಜ್ಯವೊಂದು ಇದನ್ನು ಹೊರಲಾರದು. ಹೊರಬೇಕಾದರೆ ಹೊಸ ತೆರಿಗೆ ಬೇಕು. ದೊಡ್ಡ ಪ್ಲಾಂಟೇಶನ್‌ಗಳ ಆದಾಯ, ರೆಸಾರ್ಟುಗಳಾಗಿ ಮಾರ್ಪಟ್ಟ ನೆಲದ ಏರುಬೆಲೆ ಇವನ್ನು ಮುಟ್ಟದೆ ಕೊಡಗಿನಂಥ ಜಿಲ್ಲೆಯಲ್ಲಿ ಅಂಥ ತೆರಿಗೆಯ ಮಾತು ಸಾಗದು. ಇದನ್ನು ಹೇಳುವ ಪಕ್ಷ ಸದ್ಯಕ್ಕೆ ಕಾಣುತ್ತಿಲ್ಲ.

ನಗದಿನಿಂದ ಆಗದ್ದೂ ಇದೆ. 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ಮಾಲ್ದಾರೆ ಸಮೀಪದ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಅರಣ್ಯ ಇಲಾಖೆ ತೆರವುಗೊಳಿಸಿತು. ಅವರಲ್ಲಿ ಬಹಳ ಮಂದಿ ಲೈನ್ ಮನೆಗಳನ್ನು ಬಿಟ್ಟು ಬಂದವರು. ಕೇಳಿದ್ದು ಕೂಲಿಯನ್ನಲ್ಲ, ಸ್ವಂತ ನೆಲದ ಮೇಲೊಂದು ಮನೆಯನ್ನು. ದೀರ್ಘ ಹೋರಾಟದ ಬಳಿಕ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿಯಾಯಿತು. ಮಾಲ್ದಾರೆ ಸುತ್ತಿನ ತೋಟಗಳು ಅಲ್ಲಿಂದ ದೂರ. ನಿವೇಶನ, 2006ರ ಅರಣ್ಯ ಹಕ್ಕು ಕಾಯ್ದೆಯಡಿಯ ಹಕ್ಕುಪತ್ರ, ಹಾಡಿಗೆ ರಸ್ತೆ ಇವನ್ನು ತಿಂಗಳ ಕಂತಿನಿಂದ ಕೊಳ್ಳಲಾಗದು. ಹಾಗೆಂದು ಹಕ್ಕುಪತ್ರ ಸಿಗುವವರೆಗೂ ನಗದು ಕಾಯಬೇಕಿಲ್ಲ.

ಪೂರ್ಣ ಸಾರ್ವತ್ರಿಕ ಯೋಜನೆ ದೂರವಿದ್ದರೂ ಜಿಲ್ಲೆಯ ಮಟ್ಟದಲ್ಲಿ ಅದರತ್ತ ಸಾಗಲು ಅಡ್ಡಿಯಿಲ್ಲ. ಹಾಡಿಗಳಲ್ಲಿರುವ ಪ್ರತಿ ವಯಸ್ಕರಿಗೂ, ಚೀಟಿಯ ಬದಲು ಹೆಸರಿನ ಆಧಾರದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಮಾಸಿಕ ನಗದು ಕೊಟ್ಟು ನೋಡಬಹುದು. ಕೈಗೇ ಕೊಡುವ ವ್ಯವಸ್ಥೆ ಆದಿವಾಸಿ ಗ್ರಾಮದಲ್ಲಿ ನಡೆಯುತ್ತದೆಂಬುದು ಮಧ್ಯಪ್ರದೇಶದಲ್ಲಿ ಕಂಡಿದೆ. ಕೊಡಗಿನಲ್ಲಿ ಅಂಚೆ ಕಚೇರಿಯೋ ಬ್ಯಾಂಕಿನ ಗ್ರಾಮ ಪ್ರತಿನಿಧಿಯೋ ಅದನ್ನು ಮಾಡಬಹುದು. ಆಹಾರದ ಕಿಟ್ ವಿತರಣೆಗಾಗಿ ಹಾಡಿಗಳ ಪಟ್ಟಿ ಇಲಾಖೆಯ ಕೈಯಲ್ಲಿ ಈಗಾಗಲೇ ಇದೆ. ಲೈನ್ ಮನೆಗಳಲ್ಲಿರುವವರ ಪಟ್ಟಿಯನ್ನು ಮಾತ್ರ ಗ್ರಾಮ ಪಂಚಾಯಿತಿಗಳು ತೋಟದ ಗೇಟು ದಾಟಿ ಒಳಗೆ ಹೋಗಿ, ಮಾಲೀಕರ ದೃಢೀಕರಣ ಕೇಳದೆ, ಮಳೆಗಾಲದಲ್ಲೇ ಮಾಡಬೇಕು. ಕೊಯ್ಲಿನ ತಿಂಗಳಲ್ಲಿ ಎಣಿಸಿದರೆ ಆ ಹೊತ್ತಿಗೆ ಅಲ್ಲಿರುವವರು ಬೇರೆಯೇ ಆಗಿರುತ್ತಾರೆ.